ಮರದ ಸಂರಕ್ಷಕಕ್ಕೆ ಎರೆಹುಳು ಪರೀಕ್ಷೆ: 14 ದಿನದ ವರದಿ ಸಾಕೇ?

ಗೆದ್ದಲು, ಶಿಲೀಂಧ್ರ ಹತ್ತದಿರಲೆಂದು ಮರಕ್ಕೆ ಉಣಿಸುವ ರಾಸಾಯನಿಕ ಮಳೆಗೆ ತೊಳೆದು ಮಣ್ಣಿಗಿಳಿದರೆ ಅಲ್ಲಿನ ಎರೆಹುಳುವಿನ ಗತಿ ಏನು? ಇದನ್ನು ಪರೀಕ್ಷಿಸಿಕೊಡುವ ಪ್ರಯೋಗಾಲಯಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸೇವೆ ಸಿಗುತ್ತದೆ: ಹುಳು ಆ ಮಣ್ಣನ್ನು ಬಿಟ್ಟು ಓಡುತ್ತದೆಯೇ ಎಂದು ನೋಡುವ 48 ಗಂಟೆಯ ಪರೀಕ್ಷೆ, ಸಾಯುತ್ತದೆಯೇ ಎಂದು ನೋಡುವ 14 ದಿನದ ಪರೀಕ್ಷೆ, ಮರಿ ಮಾಡುತ್ತದೆಯೇ ಎಂದು ನೋಡುವ 56 ದಿನದ ಪರೀಕ್ಷೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. 14 ದಿನದ್ದು ಗಟ್ಟಿಯಾದ, ನಂಬಬಹುದಾದ ಪರೀಕ್ಷೆ. ಆದರೆ ಸಂರಕ್ಷಕದಲ್ಲಿ ತಾಮ್ರವಿದ್ದರೆ ಅದೊಂದರ ಮೇಲೆ ತೀರ್ಮಾನ ಮಾಡಬೇಡಿ.

14 ದಿನದ ಪರೀಕ್ಷೆಗೆ ಆಧಾರ 1984ರ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 207ನೇ ಮಾರ್ಗಸೂಚಿ. ಮಣ್ಣನ್ನು ಹೊಲದಿಂದ ತರುವುದಿಲ್ಲ, ಬೆರೆಸಿ ತಯಾರಿಸುತ್ತಾರೆ: ಒಣತೂಕದಲ್ಲಿ 10 ಭಾಗ ಸ್ಫ್ಯಾಗ್ನಮ್ ಪೀಟ್ (ಜೌಗಿನ ಪಾಚಿ ಅರೆಕೊಳೆತು ಆದ ಸಾವಯವ ವಸ್ತು), 20 ಭಾಗ ಕೆಯೋಲಿನ್ ಜೇಡಿ, 70 ಭಾಗ ನಯವಾದ ಕ್ವಾರ್ಟ್ಜ್ ಮರಳು. ಪೀಟ್ ಹುಳಿ ಗುಣದ್ದಾದ್ದರಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಪಿಎಚ್ ಅನ್ನು 6.0ರ ಆಸುಪಾಸಿಗೆ ತರುತ್ತಾರೆ, ಅರ್ಧ ಅಂಕ ಆಚೀಚೆ ಆಗಬಹುದು. ಹುಳು ಐಸೀನಿಯಾ ಫೆಟಿಡಾ, ಅಂದರೆ ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು. ಕನಿಷ್ಠ ಎರಡು ತಿಂಗಳು ತುಂಬಿರಬೇಕು, ಮೈಮೇಲೆ ಉಬ್ಬಿದ ಪಟ್ಟಿ ಮೂಡಿರಬೇಕು, ತೂಕ 300ರಿಂದ 600 ಮಿಲಿಗ್ರಾಂ ಒಳಗಿರಬೇಕು. ಜಾಡಿಗೆ 750 ಗ್ರಾಂ ಹಸಿಮಣ್ಣು, 10 ಹುಳು. ಒಂದೊಂದು ಪ್ರಮಾಣಕ್ಕೂ ನಾಲ್ಕು ಜಾಡಿ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, 2 ಡಿಗ್ರಿ ಹೆಚ್ಚುಕಡಿಮೆ. ದೀಪವನ್ನು ಹಗಲೂ ರಾತ್ರಿ ಆರಿಸುವಂತಿಲ್ಲ. ಬೆಳಕಿದ್ದರೆ ಹುಳು ಮೇಲೇಳದೆ ಮಣ್ಣೊಳಗೇ ಉಳಿಯುತ್ತದೆ, ಕತ್ತಲಾದರೆ ಮೇಲೆ ಬಂದು ಜಾಡಿಯ ಗೋಡೆ ಹತ್ತುತ್ತದೆ. 7ನೇ ದಿನ ಮಣ್ಣು ಸುರಿದು ಎಣಿಸಿ, ಅದೇ ಮಣ್ಣಿಗೆ ಹುಳುಗಳನ್ನು ಮರಳಿ ಬಿಟ್ಟು, 14ನೇ ದಿನ ಮತ್ತೆ ಎಣಿಸುತ್ತಾರೆ. ತಲೆಯ ತುದಿಯನ್ನು ಮೆಲ್ಲಗೆ ಮುಟ್ಟಿದಾಗ ಮಿಸುಕದಿದ್ದರೆ ಸತ್ತಿದೆ ಎಂದು ಲೆಕ್ಕ. ಸತ್ತ ಹುಳು ಬೇಗ ಕೊಳೆತು ಕರಗಿಹೋಗುವುದರಿಂದ, ಕಾಣೆಯಾದ ಹುಳುವನ್ನು ವರದಿಯಲ್ಲಿ ಯಾವ ಲೆಕ್ಕಕ್ಕೆ ಹಾಕಿದ್ದಾರೆ ಎಂದು ನೋಡಲೇಬೇಕು. ಸತ್ತವುಗಳ ಜೊತೆ ಸೇರಿಸದಿದ್ದರೆ ವಿಷ ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ನೀರಿನ ಲೆಕ್ಕದಲ್ಲಿ. ತೇವಾಂಶ 35 ಶೇಕಡಾ ಎಂದರೆ ಒಣಮಣ್ಣಿನ ತೂಕದ 35 ಶೇಕಡಾ. 750 ಗ್ರಾಂ ಹಸಿಮಣ್ಣಿನಲ್ಲಿ ಒಣಮಣ್ಣು ಸುಮಾರು 556 ಗ್ರಾಂ, ನೀರು 194 ಗ್ರಾಂ. ಅದನ್ನೇ ಒಟ್ಟು ತೂಕದ 35 ಶೇಕಡಾ ಎಂದುಕೊಂಡರೆ ನೀರು 262 ಗ್ರಾಂ ದಾಟಿ, ಮಣ್ಣು ಕೆಸರಾಗಿ, ಗಾಳಿಯಾಡದೆ ಹುಳು ನರಳುತ್ತದೆ. ಇದೇ ತಪ್ಪು ರಾಸಾಯನಿಕದ ಲೆಕ್ಕಕ್ಕೂ ನುಸುಳುತ್ತದೆ. ಕಿಲೋ ಒಣಮಣ್ಣಿಗೆ 100 ಮಿಲಿಗ್ರಾಂ ಬೇಕಾದಾಗ ಜಾಡಿಗೆ ಹಾಕಬೇಕಾದದ್ದು 55.6 ಮಿಲಿಗ್ರಾಂ. ಹಸಿತೂಕ ಹಿಡಿದು 75 ಮಿಲಿಗ್ರಾಂ ಹಾಕಿದರೆ ಹುಳುವಿಗೆ ತಟ್ಟುವುದು 135. ಕಾಗದದ ಮೇಲೆ 100 ಎಂದೇ ಉಳಿದಿರುತ್ತದೆ! ಆದ್ದರಿಂದ ಜಾಡಿವಾರು ತೂಕದ ಹಾಳೆ ಕೊಡದ ವರದಿಯನ್ನು ನಾವು ಒಪ್ಪುವುದಿಲ್ಲ.

ಎಲ್‌ಸಿ50 (ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣ) ಅಂಕಿಯತ್ತ ಕಣ್ಣು ಹಾಯಿಸುವ ಮೊದಲು ರಾಸಾಯನಿಕ ಸೋಕದ ಜಾಡಿಗಳ ಪುಟ ತೆರೆಯಿರಿ. ಅವುಗಳಲ್ಲಿ 10 ಶೇಕಡಾಕ್ಕಿಂತ ಹೆಚ್ಚು ಹುಳು ಸತ್ತಿದ್ದರೆ ಪರೀಕ್ಷೆಯೇ ಅಸಿಂಧು. 40 ಹುಳುಗಳಲ್ಲಿ 4 ಸತ್ತರೆ ಗಡಿಯ ಮೇಲಿದೆ, 5 ಸತ್ತರೆ ಮುಗಿಯಿತು. ಆಮೇಲೆ ತೂಕದ ಪಟ್ಟಿ ನೋಡಿ. ಬದುಕುಳಿದ ಹುಳುಗಳು ಸಂರಕ್ಷಕ ಬೆರೆತ ಜಾಡಿಯಲ್ಲಿ ಮಾತ್ರ ಸೊರಗಿದ್ದರೆ, ಸಾವು ಸೊನ್ನೆಯಿದ್ದರೂ ಏನೋ ನಡೆದಿದೆ ಎಂದೇ ಅರ್ಥ.

ಮರದ ಸಂರಕ್ಷಕಕ್ಕೆಂದೇ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಸಿಸಿಎ ದ್ರಾವಣ, ಅಂದರೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಕೂಡಿದ್ದು, ಆಮ್ಲೀಯ. ಅಮೀನ್‌ನಲ್ಲಿ ಕರಗಿಸಿದ ತಾಮ್ರದ ದ್ರಾವಣ ಕ್ಷಾರೀಯ. ಹೆಚ್ಚಿನ ಪ್ರಮಾಣದ ಜಾಡಿಗಳಲ್ಲಿ ಮಣ್ಣಿನ ಪಿಎಚ್ಚೇ ಬದಲಾಗಿ, ಹುಳುವನ್ನು ಕೊಂದದ್ದು ತಾಮ್ರವೋ ಕ್ಷಾರವೋ ತಿಳಿಯದಂತಾಗುತ್ತದೆ. ಮೊದಲ ದಿನ ಮತ್ತು ಕೊನೆಯ ದಿನ ಪ್ರತಿ ಪ್ರಮಾಣದಲ್ಲೂ ಪಿಎಚ್ ಅಳೆದಿರಬೇಕು. ತಾಮ್ರವಿಲ್ಲದ ಬರೀ ಅಮೀನ್ ದ್ರಾವಣದ ಜಾಡಿಗಳೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅಂಕಿ ಯಾವುದರದ್ದು ಎನ್ನುವುದೂ ಮುಖ್ಯ: ಡಬ್ಬಿಯಲ್ಲಿರುವ ಇಡೀ ದ್ರಾವಣದ್ದೋ, ಅದರೊಳಗಿನ ತಾಮ್ರದ್ದೋ? ದ್ರಾವಣದಲ್ಲಿ ತಾಮ್ರ 10 ಶೇಕಡಾ ಇದ್ದರೆ ಇವೆರಡರ ನಡುವೆ ಹತ್ತು ಪಟ್ಟು ಅಂತರ. ನೀರಿನಲ್ಲಿ ಕರಗದ ಎಣ್ಣೆಯಂಥ ಸಂರಕ್ಷಕವನ್ನು ಅಸಿಟೋನ್‌ನಲ್ಲಿ ಕರಗಿಸಿ, ಸ್ವಲ್ಪ ಮರಳಿಗೆ ಬೆರೆಸಿ, ಅಸಿಟೋನ್ ಪೂರ್ತಿ ಆರಿದ ಮೇಲೆ ಆ ಮರಳನ್ನು ಮಣ್ಣಿಗೆ ಸೇರಿಸುತ್ತಾರೆ. ಆಗ ಅಸಿಟೋನ್ ಮಾತ್ರ ಕಂಡ ಮರಳಿನ ಜಾಡಿಗಳೂ ಬೇಕು.

ಪೀಟ್ ವಿಷಯದಲ್ಲೂ ಎಚ್ಚರವಿರಲಿ. ತಾಮ್ರ ಸಾವಯವ ವಸ್ತುವಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. 10 ಶೇಕಡಾ ಪೀಟ್ ಇರುವ ಮಣ್ಣಿನಲ್ಲಿ ಹುಳು ಸಹಿಸಿದ ಪ್ರಮಾಣವನ್ನು, ಸಾವಯವ ಅಂಶ ತೀರ ಕಡಿಮೆಯಿರುವ ಮರಳುಮಣ್ಣಿನಲ್ಲೂ ಸಹಿಸೀತು ಎಂದುಕೊಳ್ಳುವಂತಿಲ್ಲ. ಇನ್ನೊಂದು ಕಡೆ, ಆಗತಾನೇ ಬೆರೆಸಿದ ತಾಮ್ರದ ಲವಣ ಮಣ್ಣಿನಲ್ಲಿ ತಿಂಗಳುಗಟ್ಟಲೆ ಹಳತಾದ ತಾಮ್ರಕ್ಕಿಂತ ತೀಕ್ಷ್ಣವಾಗಿರುತ್ತದೆ. ಈ ಎರಡು ತಪ್ಪು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಒಂದನ್ನೊಂದು ಸರಿದೂಗಿಸುತ್ತವೆ ಎಂದು ಭಾವಿಸಿ ಕೂರಬೇಡಿ. ಬೇಲಿಗಂಬದ ಬುಡದ ಮಣ್ಣೇ ನಿಮ್ಮ ಚಿಂತೆಯಾಗಿದ್ದರೆ ಆ ಮಣ್ಣನ್ನೇ ಪ್ರಯೋಗಾಲಯಕ್ಕೆ ಕೊಡಿ, ಹೋಲಿಕೆಗೆ ಕಂಬದಿಂದ ದೂರದ ಅದೇ ಬಗೆಯ ಮಣ್ಣನ್ನೂ ಕೊಡಿ.

ಇನ್ನು 56 ದಿನದ ಪರೀಕ್ಷೆ, ಒಇಸಿಡಿ 222. ಹಣ, ಸಮಯ ಎರಡೂ ಹೆಚ್ಚು ಬೇಡುತ್ತದೆ, ಆದರೂ ನಮ್ಮ ಮತ ಇದಕ್ಕೇ. ಕೃತಕ ಮಣ್ಣಿನಲ್ಲಿ ತಾಮ್ರದಿಂದ ದೊಡ್ಡ ಹುಳು ಸಾಯಲು ಕಿಲೋಗೆ ನೂರಾರು ಮಿಲಿಗ್ರಾಂ ಬೇಕಾದರೆ, ಅದು ಇಡುವ ಮೊಟ್ಟೆಕೋಶಗಳ ಸಂಖ್ಯೆ ಕುಸಿಯಲು ಹತ್ತಾರು ಮಿಲಿಗ್ರಾಂ ಸಾಕು. 14 ದಿನದ ವರದಿಯಲ್ಲಿ ಹತ್ತಕ್ಕೆ ಹತ್ತು ಹುಳು ಬದುಕಿರುವ ಜಾಡಿಯಲ್ಲಿ ಮುಂದಿನ ಪೀಳಿಗೆಯೇ ಇಲ್ಲದಿರಬಹುದು. ಇಲ್ಲಿ ಮೊದಲ 28 ದಿನ ದೊಡ್ಡ ಹುಳುಗಳಿದ್ದು, ಆಮೇಲೆ ಅವನ್ನು ತೆಗೆದು, ಕೋಶಗಳು ಒಡೆದು ಮರಿ ಬೆಳೆಯಲು ಇನ್ನೂ 28 ದಿನ ಬಿಡುತ್ತಾರೆ. ಮೇವು ವಾರಕ್ಕೆ ಜಾಡಿಗೆ ಸುಮಾರು 5 ಗ್ರಾಂ ಒಣ ಸಗಣಿಪುಡಿ. ಜಂತುಹುಳುವಿನ ಔಷಧಿ ಕುಡಿದ ದನದ ಸಗಣಿ ಬಂದರೆ ಇಡೀ ಪರೀಕ್ಷೆ ಕೆಡುತ್ತದೆ, ಹಾಗಾಗಿ ಸಗಣಿಯ ಮೂಲ ಕೇಳಿ. ಮರಿ ಎಣಿಸಲು ಜಾಡಿಯನ್ನು 50ರಿಂದ 60 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಬಿಸಿ ತಾಗಿ ಸುಮಾರು 20 ನಿಮಿಷದಲ್ಲಿ ಮರಿಗಳು ಮೇಲೆ ಬರುತ್ತವೆ. ರಾಸಾಯನಿಕವಿಲ್ಲದ ಪ್ರತಿ ಜಾಡಿಯಲ್ಲೂ ಕನಿಷ್ಠ 30 ಮರಿ ಸಿಗಲೇಬೇಕು. ಸಿಗದಿದ್ದರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

48 ಗಂಟೆಯ ಪರೀಕ್ಷೆ ಅಗ್ಗ, ಚುರುಕು. ಪೆಟ್ಟಿಗೆಯ ಅರ್ಧಕ್ಕೆ ಶುದ್ಧ ಮಣ್ಣು, ಇನ್ನರ್ಧಕ್ಕೆ ಸಂರಕ್ಷಕ ಬೆರೆತ ಮಣ್ಣು ಹಾಕಿ, ನಡುವಿನ ತಡೆ ತೆಗೆದು, ಆ ಗೆರೆಯ ಮೇಲೆ 10 ಹುಳು ಬಿಡುತ್ತಾರೆ. ಎರಡು ದಿನದ ನಂತರ 9 ಶುದ್ಧದ ಕಡೆ, 1 ಸಂರಕ್ಷಕದ ಕಡೆ ಸಿಕ್ಕರೆ ವಿಮುಖತೆ 80 ಶೇಕಡಾ (9ರಲ್ಲಿ 1 ಕಳೆದು, ಒಟ್ಟು 10ರಿಂದ ಭಾಗಿಸಿದ್ದು). ಹಲವು ಸೂತ್ರೀಕರಣಗಳಲ್ಲಿ ಯಾವುದನ್ನು ಕೈಬಿಡಬೇಕು ಎಂದು ಜರಡಿ ಹಿಡಿಯಲು ಇದು ಬಹಳ ಉಪಯುಕ್ತ. ಸೋಸುಕಾಗದದ ಮೇಲೆ ಹುಳು ಇಟ್ಟು ನೋಡುವ ಪರೀಕ್ಷೆಯನ್ನು ಮಾತ್ರ ಸಂರಕ್ಷಕಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಅಲ್ಲಿ ಮಣ್ಣೇ ಇಲ್ಲ, ತಾಮ್ರ ಅಂಟಿಕೊಳ್ಳಲು ಜಾಗವೂ ಇಲ್ಲ.

ಕೆಲಸ ಒಪ್ಪಿಸುವಾಗ ಬರವಣಿಗೆಯಲ್ಲಿ ಕೇಳಿ ಪಡೆಯಬೇಕಾದದ್ದು ಇಷ್ಟು: ಜಾಡಿವಾರು ಎಣಿಕೆ, ಆರಂಭ ಮತ್ತು ಅಂತ್ಯದ ಪಿಎಚ್ ಹಾಗೂ ತೇವಾಂಶ, ಮಣ್ಣಿನಲ್ಲಿ ನಿಜವಾಗಿ ಅಳೆದ ತಾಮ್ರದ ಪ್ರಮಾಣ, ಮತ್ತು ಅದೇ ತಳಿಯ ಹುಳುಗಳ ಮೇಲೆ ಗೊತ್ತಿರುವ ವಿಷವೊಂದನ್ನು ಇತ್ತೀಚೆಗೆ ಪ್ರಯೋಗಿಸಿದ ಫಲಿತಾಂಶ. ಸಂತಾನ ಪರೀಕ್ಷೆಯಲ್ಲಿ ಆ ವಿಷ ಸಾಮಾನ್ಯವಾಗಿ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ. ಕಿಲೋಗೆ 1ರಿಂದ 5 ಮಿಲಿಗ್ರಾಂ ಒಳಗೆ ಮರಿಗಳ ಸಂಖ್ಯೆ ಸ್ಪಷ್ಟವಾಗಿ ಇಳಿಯಬೇಕು. ಇಳಿದಿಲ್ಲವಾದರೆ ಹುಳುಗಳಲ್ಲೋ ಮಣ್ಣಿನಲ್ಲೋ ದೋಷವಿದೆ, ನಿಮ್ಮ ಸಂರಕ್ಷಕದ ಮಾದರಿಯನ್ನು ಅಲ್ಲಿಗೆ ಕಳಿಸುವ ಮುನ್ನ ಅದು ಸರಿಯಾಗಬೇಕು.