ಕುವೆಂಪುನಗರದ ದಿನಸಿ ಮಳಿಗೆ: ಮುಂದೆ ಒಂದು ಸಾಲು, ಹಿಂದೆ ಖಾಲಿ

ನಮ್ಮ ಭಾಗದಲ್ಲಷ್ಟೇ ಶಾಖೆಗಳಿರುವ ಈ ದಿನಸಿ ಮಳಿಗೆಯಿಂದ ಹಲವು ವರ್ಷ ತಿಂಗಳ ಸಾಮಾನು ತಂದಿರುವ ನನಗೆ, ಮೈಸೂರಿನ ಕುವೆಂಪುನಗರದ ಶಾಖೆಯ ಈಗಿನ ಸ್ಥಿತಿ ನಿಜಕ್ಕೂ ಬೇಸರ ತಂದಿದೆ. ಕಳೆದ ವಾರ ತೊಗರಿಬೇಳೆಯ ಪೊಟ್ಟಣವೊಂದನ್ನು ತೆಗೆದಾಗ ಅದರ ಹಿಂದೆ ಏನೂ ಇರಲಿಲ್ಲ. ಕಪಾಟು ತುಂಬಿದಂತೆ ಕಾಣಲೆಂದು ಒಂದೇ ಸಾಲನ್ನು ಅಂಚಿಗೆ ಎಳೆದು ಜೋಡಿಸಿದ್ದರು. ಪೊಟ್ಟಣದ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕಗಳು ಸ್ಪಷ್ಟವಾಗಿ ಕಾಣಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಇಲ್ಲಿ ಬೆಲೆಯ ಮೇಲೆಯೇ ರಿಯಾಯಿತಿ ಚೀಟಿ ಅಂಟಿಸಿದ್ದರಿಂದ ಉಗುರಿನಿಂದ ಕೆರೆದು ಓದಬೇಕಾಯಿತು.

ಸಿಬ್ಬಂದಿಯನ್ನು ದೂರಲಾರೆ. ತೆರೆದಿದ್ದ ಒಂದೇ ಬಿಲ್ಲಿಂಗ್ ಕೌಂಟರಿನಲ್ಲಿದ್ದ ಹೆಣ್ಣುಮಗಳೇ ನಡುನಡುವೆ ಎದ್ದು ಹೋಗಿ ತರಕಾರಿಯನ್ನೂ ತೂಗುತ್ತಿದ್ದರು.

ನಮ್ಮ ಬೀದಿಯವರು ಈಗ ಅಕ್ಕಿ, ಎಣ್ಣೆಗಳನ್ನು ದೊಡ್ಡ ಕಂಪನಿಗಳ ಮಳಿಗೆಯಿಂದಲೋ ಮೊಬೈಲ್ ಆ್ಯಪ್ ಮೂಲಕವೋ ತರಿಸುತ್ತಾರೆ. ಸೊಪ್ಪು, ವೀಳ್ಯದೆಲೆ, ನಂಜನಗೂಡು ರಸಬಾಳೆಗಳಿಗೆ ಮಾತ್ರ, ಮುಟ್ಟಿ ನೋಡಿ ಚೌಕಾಸಿ ಮಾಡಬಹುದಾದ ದೇವರಾಜ ಮಾರುಕಟ್ಟೆಗೇ ಹೋಗುತ್ತಾರೆ. ಎರಡರ ನಡುವೆ ಸಿಲುಕಿದ ಈ ಮಳಿಗೆಯಲ್ಲಿ ಮಂಡ್ಯದ ಅಚ್ಚುಬೆಲ್ಲವೊಂದು ಇಂದಿಗೂ ಚೆನ್ನಾಗಿದೆ, ಅದಕ್ಕಾಗಿ ಬರುತ್ತೇನೆ. ಐದರಲ್ಲಿ ಎರಡು ಅಂಕ.