ಏಳು ವರ್ಷ ನ್ಯಾನೋ ಟೆಕ್ಸ್ಟ್ ಎಡಿಟರ್ ಬಳಸಿದ ಮೇಲೆ: 5ಕ್ಕೆ 4 ಕೊಡ್ತೀನಿ

ದಾವಣಗೆರೆ ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ಅಂಗಡಿಯ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಲಿನಕ್ಸ್ ಯಂತ್ರ, ಚೀಲಗಳ ಪಕ್ಕ ಮೂಲೆಯಲ್ಲಿ ಕೂತಿರುತ್ತೆ. ಏನಾದರೂ ತಿದ್ದಬೇಕಂದ್ರೆ ಮನೆಯಿಂದ, ಎಷ್ಟೋ ಸಲ ಮೊಬೈಲಿಂದಲೇ, ಎಸ್‌ಎಸ್‌ಎಚ್‌ನಲ್ಲಿ (ನೆಟ್ ಮೂಲಕ ದೂರದ ಯಂತ್ರ ಸೇರುವ ದಾರಿ) ಒಳಗೆ ಹೋಗಿ, ಫೈಲ್ ತಿದ್ದೋಕೆ ನ್ಯಾನೋ ತೆರೆಯುತ್ತೇನೆ.

ಇದರ ದೊಡ್ಡ ಗುಣ ಅಂದ್ರೆ ಪರದೆಯ ಕೆಳಗಿನ ಆ ಎರಡು ಸಾಲು. ಯಾವ ಕೀ ಒತ್ತಿದರೆ ಏನಾಗುತ್ತೆ ಅಂತ ಅಲ್ಲೇ ಬರೆದಿರುತ್ತೆ, ಟೋಪಿಯಂಥ ಗುರುತು (^) ಕಂಡರೆ ಕಂಟ್ರೋಲ್ ಕೀ ಅಂತ ತಿಳಿದರೆ ಸಾಕು. ಹೋದ ಸುಗ್ಗಿಯಲ್ಲಿ ನಾನು ಚಿತ್ರದುರ್ಗದಲ್ಲಿದ್ದಾಗ ಅಂಗಡಿಯ ಪ್ರಿಂಟರಿನ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್) ಬದಲಾಯಿತು, ಹೊರಗೆ ಲಾರಿಗಳು ನಿಂತಿದ್ದವು. ಗುಮಾಸ್ತ ಹುಡುಗ ಟರ್ಮಿನಲ್ (ಟೈಪ್ ಮಾಡಿ ಆಜ್ಞೆ ಕೊಡುವ ಪರದೆ) ನೋಡಿದವನೇ ಅಲ್ಲ. ಫೋನಿನಲ್ಲೇ ಹೇಳಿ ಫೈಲ್ ತೆರೆಸಿ ನಂಬರ್ ತಿದ್ದಿಸಿದೆ. "ಅಣ್ಣ, ಈಗ ಹೊರಗೆ ಬರೋದು ಹೆಂಗೆ?" ಅಂದ. "ಕೆಳಗಿನ ಸಾಲು ಓದಪ್ಪ" ಅಂದೆ. ಕಂಟ್ರೋಲ್ ಎಕ್ಸ್, ಆಮೇಲೆ ವೈ, ಆಮೇಲೆ ಎಂಟರ್. ಬಿಲ್ ಬಂತು. ವಿಐ ಅನ್ನೋ ಇನ್ನೊಂದು ಎಡಿಟರ್ ತುಂಬಾ ಶಕ್ತಿಶಾಲಿ, ಒಪ್ತೀನಿ, ಆದರೆ ಅವತ್ತು ಫೋನಿನಲ್ಲಿ ಅದನ್ನು ಹೇಳಿಕೊಡೋಕೆ ನನ್ನಿಂದ ಆಗ್ತಿರಲಿಲ್ಲ.

ಇನ್ನೊಂದು ಜಾಸ್ತಿ ಜನ ಗಮನಿಸಿರಲ್ಲ. ಅರ್ಧ ತಿದ್ದಿರುವಾಗ ನೆಟ್ ಹೋಗಿ ಸಂಪರ್ಕ ಕಡಿದುಹೋದರೆ, ಬರೆದದ್ದನ್ನು ನ್ಯಾನೋ ಅದೇ ಹೆಸರಿನ ಕೊನೆಗೆ ಡಾಟ್ ಸೇವ್ (.save) ಸೇರಿಸಿ ಬೇರೆ ಫೈಲಿನಲ್ಲಿ ಇಟ್ಟುಬಿಡುತ್ತೆ. ಮೂಲ ಫೈಲ್ ಇದ್ದಂಗೇ ಇರುತ್ತೆ. ಎರಡು ಸಲ ಇದರಿಂದ ನನ್ನ ಕೆಲಸ ಉಳಿದಿದೆ.

ಬೇಸರದ ವಿಷಯವೂ ಇದೆ. ಹಳೇ ಯಂತ್ರದಲ್ಲಿದ್ದ ಆವೃತ್ತಿ ಉದ್ದದ ಸಾಲನ್ನು ತಾನಾಗೇ ಎರಡು ತುಂಡು ಮಾಡ್ತಿತ್ತು. ರಾತ್ರಿ ಬ್ಯಾಕಪ್ ತೆಗೆಯುವ ಕ್ರಾನ್ (ಹೇಳಿದ ಹೊತ್ತಿಗೆ ತಾನಾಗೇ ಕೆಲಸ ನಡೆಸುವ ವ್ಯವಸ್ಥೆ) ಸಾಲು ಹಾಗೆ ಮುರಿದು, ಮೂರು ದಿನ ಬ್ಯಾಕಪ್ಪೇ ಆಗಿರಲಿಲ್ಲ. 2019ರ 4.0 ಆವೃತ್ತಿಯಿಂದ ಈ ಚಾಳಿ ನಿಂತಿದೆ. ಹಳೆಯದು ಇದ್ದವರು ನ್ಯಾನೋ ಹೆಸರಿನ ಪಕ್ಕ ಮೈನಸ್ ಡಬ್ಲ್ಯೂ (-w) ಹಾಕಿಯೇ ತೆರೆಯಿರಿ. ಬ್ರೌಸರಿನೊಳಗಿನ ಟರ್ಮಿನಲ್ಲಿನಲ್ಲಿ ಹುಡುಕೋಕೆ ಅಂತ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತೆ, ಅದೂ ನೆನಪಿರಲಿ.

ಪೈನ್ ಅನ್ನೋ ಇಮೇಲ್ ಪ್ರೋಗ್ರಾಂ ಜೊತೆ ಬರ್ತಿದ್ದ ಪೈಕೋ ಎಡಿಟರಿನ ಲೈಸೆನ್ಸ್ ಮುಕ್ತವಾಗಿರಲಿಲ್ಲ ಅಂತ 1999ರಲ್ಲಿ ನ್ಯಾನೋವನ್ನು ಹೊಸದಾಗಿ ಬರೆದದ್ದು. ಇವತ್ತಿಗೂ ಬಹಳಷ್ಟು ಲಿನಕ್ಸ್‌ಗಳಲ್ಲಿ ಮೊದಲೇ ಇರುತ್ತೆ, ಹೊಸ ಸರ್ವರ್ ಕೈಗೆ ಬಂದ ದಿನ ಏನೂ ಹುಡುಕಬೇಕಿಲ್ಲ.

ಒಂದು ಅಂಕ ಕಡಿಮೆ ಮಾಡಿದ್ದು ಕನ್ನಡಕ್ಕೆ. ರೈತರ ಹೆಸರಿನ ಫೈಲ್ ತೆರೆದರೆ "ಸಿದ್ದಪ್ಪ"ನ ಒತ್ತಕ್ಷರಗಳು ಚದುರಿ, ಕರ್ಸರ್ ಒಂದು ಕಡೆ, ಅಳಿಸುವ ಅಕ್ಷರ ಇನ್ನೊಂದು ಕಡೆ. ತಪ್ಪು ನ್ಯಾನೋಗಿಂತ ಟರ್ಮಿನಲ್ಲಿನದೇ ಹೆಚ್ಚು. ಆದರೂ ಆ ಒಂದು ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ತಿದ್ದಿ, ವಾಪಸ್ ಕಳಿಸ್ತೀನಿ.