ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡೋಕೆ ಡಿಪ್ಲೊಮಾ ದಾರಿನಾ, ಪಿಯುಸಿ ದಾರಿನಾ?

ಎಸ್ಸೆಸ್ಸೆಲ್ಸಿ ಆದ್ಮೇಲೆ ಲೆಕ್ಕ ಹಾಕಿದ್ರೆ ಎರಡೂ ಆರೇ ವರ್ಷ ಗುರು, ಪಿಯುಸಿ 2 ಪ್ಲಸ್ ಬಿಇ 4, ಇಲ್ಲಾಂದ್ರೆ ಡಿಪ್ಲೊಮಾ 3 ಮುಗಿಸಿ ಡಿಸಿಇಟಿ (ಡಿಪ್ಲೊಮಾದವ್ರ ಪ್ರವೇಶ ಪರೀಕ್ಷೆ) ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ. ಡಿಪ್ಲೊಮಾದವ್ರು ಲೇತ್ (ಲೋಹ ತಿರುಗಿಸಿ ಕತ್ತರಿಸೋ ಯಂತ್ರ) ಮುಂದೆ ನಿಂತು ಬಂದಿರ್ತಾರೆ, ವರ್ನಿಯರ್ ಅನ್ನೋ ಅಳತೆ ಸಾಧನದಲ್ಲಿ 0.02 ಮಿಮೀ ಓದೋದು, ಕತ್ತರಿಸೋ ಟೂಲ್ ಎತ್ತರ ತಪ್ಪಿದ್ರೆ ಫೇಸಿಂಗ್ (ತುದಿ ಸಪಾಟು ಮಾಡೋದು) ಮಾಡ್ವಾಗ ಜಾಬ್ ಅಂದ್ರೆ ಲೋಹದ ತುಂಡಿನ ಮಧ್ಯದಲ್ಲಿ ಚಿಕ್ಕ ಮೊಳಕೆ ಥರ ಉಳಿಯೋದು ಎಲ್ಲಾ ಕಣ್ಣಾರೆ ನೋಡಿರ್ತಾರೆ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶಾಪ್‌ಗಳಲ್ಲಿ ಇದಕ್ಕೇ ಬೆಲೆ. ಆದ್ರೆ ಬಿಇ ಮ್ಯಾಥ್ಸ್ ಬಂದ್ರೆ ಬೆವರು. ಪಿಯುಸಿಯವ್ರಿಗೆ ಅದು ಸ್ವಲ್ಪ ಸಲೀಸು, ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಬರೆದು ಎಂಟೆಕ್ಕು, ಡಿಸೈನು ಅಂತ ಹೋಗೋ ಆಸೆ ಇದ್ರೆ ಈ ದಾರಿನೇ ಸರಿ. ಸಾಫ್ಟ್‌ವೇರಿಗೆ ಜಾರೋರು ಎರಡೂ ಕಡೆ ಇದಾರೆ ಬಿಡು. ಮನೇಲಿ ಬೇಗ ದುಡ್ಡು ಬೇಕು ಅಂದ್ರೆ ನಾನಂತೂ ಡಿಪ್ಲೊಮಾ ಅಂತೀನಿ, ಅಲ್ಲಿಗೇ ನಿಲ್ಸಿದ್ರೂ ಕೈಲೊಂದು ಕೆಲ್ಸ ಇರತ್ತೆ, ಬರೀ ಪಿಯುಸಿಗೆ ಯಾರು ಕೊಡ್ತಾರೆ.